ಹನ್ನೊಂದು ಹೆಬ್ಬೆಟ್ಟು

ನನಗೆ ಓದು ಬರಹ ಬಾರದು ಎಂದು ಸರಕಾರದ ದಫ್ತರಿನಲ್ಲಿ ದಾಖಲಾಗಿದೆ. ಅದೇ ಸರಕಾರದ ಶಾಲೆಯಲ್ಲಿ ನಾನು ಹನ್ನೆರಡು ವರ್ಷಗಳಿಂದ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿದ್ದೇನೆ. ಈ ಎರಡು ಕಾಗದಗಳೂ ಮಕ್ತಲ್‌ನ ಕಚೇರಿಯಲ್ಲಿ ಒಂದೇ ಕಪಾಟಿನೊಳಗೆ ಕೂತಿವೆ, ಒಂದರ ಮೇಲೊಂದು ಇದ್ದರೂ ಇರಬಹುದು. ಇವತ್ತಿನವರೆಗೆ ಯಾವ ಸಾಹೇಬನ ಕಣ್ಣಿಗೂ ಅದು ಚುಚ್ಚಿಲ್ಲ. ಅದು ಹೇಗಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ. ನನ್ನ ಹೆಸರು ಕರಿಬಸಯ್ಯ, ಊರು ನಾರಾಯಣಪೇಟೆ.

ನಿಜಾಮರ ಲೆಕ್ಕದ ಫಸಲಿ ೧೩೫೩, ಎಂದರೆ ಇಸವಿ ೧೯೪೩-೪೪ರ ಮಾತು. ಯುದ್ಧ ಎಲ್ಲಿಯೋ ನಡೆದಿತ್ತು, ಸೀಮೆಎಣ್ಣೆ ಮಾತ್ರ ನಾರಾಯಣಪೇಟೆಯಲ್ಲಿ ಸಿಗುತ್ತಿರಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಸುಟ್ಟುಕೊಂಡು ಓಡುತ್ತಿದ್ದವು, ಏರು ಬಂದಲ್ಲಿ ಎಲ್ಲರೂ ಇಳಿದು ದೂಡಬೇಕಿತ್ತು. ಜೋಳದ ಧಾರಣೆ ಕೇಳುವುದನ್ನೇ ನಾವು ಬಿಟ್ಟಿದ್ದೆವು. ನಮ್ಮ ತಿಂಗಳ ಸಂಬಳ, ನಮ್ಮ ಕಡೆಯ ಮಾತಿನಲ್ಲಿ ತನ್ಖಾ, ಹದಿನೈದು ರೂಪಾಯಿ. ಸೀರೆ ಮಗ್ಗದ ಮನೆಯಲ್ಲಿ ನೂಲು ಸುತ್ತುವ ಆಳು ನನಗಿಂತ ಹೆಚ್ಚು ತರುತ್ತಿದ್ದ. ದಾರಿಯಲ್ಲಿ ಸಿಕ್ಕರೆ ಅವನೇ "ಮಾಸ್ತರ, ಚಾ ಕುಡೀತೀರೇನ್ರಿ" ಎಂದು ಕೇಳುತ್ತಿದ್ದ. ನಾನು ಕುಡಿಯುತ್ತಿದ್ದೆ. ಕುಡಿದು ಮನೆಗೆ ಬಂದು ಸಿಟ್ಟಾಗುತ್ತಿದ್ದೆ.

ಆ ವರ್ಷ ಪಟ್ಟಣದ ಕಚೇರಿಗಳ ಗುಮಾಸ್ತರಿಗೆಲ್ಲ ಗಿರಾನಿ ಭತ್ಯೆ ಸಿಕ್ಕಿದೆ ಎಂದು ಸುದ್ದಿ ಬಂತು. ಗಿರಾನಿ ಎಂದರೆ ಉರ್ದುವಿನಲ್ಲಿ ತುಟ್ಟಿ, ಬೆಲೆಯೇರಿಕೆ. ನಾನು ನನ್ನ ಹೆಂಡತಿ ಚನ್ನವೀರಮ್ಮನಿಗೆ ಹೇಳಿದೆ. ಅವಳು ಅದನ್ನು ಹಿಟ್ಟಿನ ಗಿರಣಿ ಎಂದು ತಿಳಿದಳು.

"ಗಿರಣಿಗ್ಯಾಕ ರೊಕ್ಕ ಕೊಡ್ತಾರ? ಜ್ವಾಳ ಕೊಡ್ರಿ ಅನ್ರಿ. ಬೀಸಾಕ ನನಗ ಕೈ ಇಲ್ಲೇನು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಉರ್ದು ಬರಲಿಲ್ಲಂದ್ರ ಹಿಂಗಾಕ್ಕೈತಿ ನೋಡು" ಎಂದೆ. ಆ ಮಾತನ್ನು ಅವಳು ಇನ್ನೂ ಮರೆತಿಲ್ಲ. ಬೇಕಾದಾಗ ತೆಗೆದು ನನಗೇ ತಿರುಗಿಸಿ ಹೇಳುತ್ತಾಳೆ.

ನಮ್ಮ ಸುತ್ತಿನ ಸಣ್ಣ ಶಾಲೆಗಳಲ್ಲಿ ನಾವು ಹನ್ನೊಂದು ಮಂದಿ ಮಾಸ್ತರರು. ಎಲ್ಲರಿಗೂ ಹಿರಿಯರು ಶರಣಯ್ಯ. ನಾನು ಕಲಿಸುವುದನ್ನು ಕಲಿತದ್ದೇ ಅವರ ಕೈಕೆಳಗೆ. ಅವರ ನೌಕರಿ ಇಪ್ಪತ್ತೆಂಟು ವರ್ಷ ಆಗಿತ್ತು. ಮೂವತ್ತು ತುಂಬಿದರೆ ಪೂರ್ತಿ ವಜೀಫಾ, ಎಂದರೆ ಪಿಂಚಣಿ. ಅವರ ಮನೆಯಲ್ಲಿ ಗಂಡ ಸತ್ತ ತಂಗಿ ಗುರುಲಿಂಗಮ್ಮ, ಅವಳ ಇಬ್ಬರು ಹೆಣ್ಣುಮಕ್ಕಳು. ಹೊಲ ಇಲ್ಲ, ಮಗ್ಗ ಇಲ್ಲ. ಆ ಮನೆಯ ನಾಲ್ಕೂ ಜನ ಇನ್ನೆರಡು ವರ್ಷ ಯಾವಾಗ ಕಳೆದೀತು ಎಂದು ಕಾಯುತ್ತಿದ್ದರು.

ತನ್ಖಾ ಹೆಚ್ಚಿಸಿ ಎಂದು ಎಲ್ಲರೂ ಸೇರಿ ಒಂದು ದರ್ಖಾಸ್ತು ಕೊಡಬೇಕು ಎಂದು ಮೊದಲು ಹೇಳಿದವನು ನಾನು. ಆದರೆ ಕೂಡುವುದು ಎಲ್ಲಿ? ಸರಕಾರಿ ನೌಕರರು ನಾಲ್ಕು ಮಂದಿ ಒಂದು ಕಡೆ ಕೂತರೆ ಐದನೆಯವನು ಹೋಗಿ ಚಾಡಿ ಹೇಳುವ ಕಾಲ. ಕೊನೆಗೆ ಒಂದು ಶುಕ್ರವಾರ, ಶಾಲೆಗೆ ರಜೆ ಇದ್ದ ದಿನ, ಮಾರ್ಕಂಡೇಯನ ಮಗ್ಗದ ಮನೆಯಲ್ಲಿ ಸೇರಿದೆವು. ಅಲ್ಲಿ ಆರು ಮಗ್ಗಗಳ ಲಾಳಿ ಏಕಸಮ ಬಡಿಯುತ್ತಿತ್ತು, ಒಳಗೆ ಏನು ಮಾತಾಡಿದರೂ ಬೀದಿಗೆ ಕೇಳಿಸುತ್ತಿರಲಿಲ್ಲ.

ಮಾರ್ಕಂಡೇಯ ಶರಣಯ್ಯನವರ ಹಳೆಯ ವಿದ್ಯಾರ್ಥಿ, ಮತ್ತು ಇಪ್ಪತ್ತೆಂಟು ವರ್ಷಗಳಲ್ಲಿ ಅವರಿಗೆ ಸಿಕ್ಕ ಎಲ್ಲರಿಗಿಂತ ದಡ್ಡ. ಸೀರೆಯಂಚಿನ ಎಳೆ ಎಳೆ ನೆನಪಿಡುತ್ತಿದ್ದ, ಒತ್ತಕ್ಷರ ಮಾತ್ರ ತಲೆಗೆ ಹತ್ತಲಿಲ್ಲ. ಅದರಲ್ಲೂ ಕ್ಷ ಬಂದರೆ ಮುಗಿಯಿತು. 'ಅಕ್ಷರ'ವನ್ನು 'ಅಸ್ಕರ' ಎಂದು ಓದಿ ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದನೋ ಅವನಿಗೇ ಲೆಕ್ಕವಿಲ್ಲ. ಈಗಲೂ ಗುರುಗಳನ್ನು ಕಂಡರೆ ಅವನು ಎದ್ದು ನಿಲ್ಲುತ್ತಿದ್ದ. ಅವತ್ತೂ ಮಗ್ಗದ ಕುಣಿಯಿಂದ ಮೇಲೆದ್ದು, ನಮಗೆ ಚಾಪೆ ಹಾಸಿ ಮತ್ತೆ ಕುಣಿಯೊಳಗೆ ಇಳಿದ.

ಮಾತು ಬೆಳೆಯಿತು. ನನಗೆ ಬಿಸಿ ಹತ್ತಿತ್ತು.

"ಇಜಾಫಾ ಕೊಡಲಿಲ್ಲಂದ್ರ ಇಸ್ತೀಫಾ ಕೊಡೂಣು" ಎಂದೆ. ಇಜಾಫಾ ಎಂದರೆ ತನ್ಖಾದಲ್ಲಿ ಹೆಚ್ಚಳ. ಇಸ್ತೀಫಾ ಎಂದರೆ ರಾಜೀನಾಮೆ. "ಹನ್ನೊಂದು ಮಂದಿ ಒಮ್ಮೆಲೇ ಬಿಟ್ಟು ಕುಂತ್ರ ಹನ್ನೊಂದು ಸಾಲಿ ಬಂದ್ ಆಗ್ತಾವ. ಹದಿನೈದು ರೂಪಾಯಿಗೆ ಬ್ಯಾರೆ ಯಾರು ಬರ್ತಾರ? ಅವ್ರೇ ಓಡಿ ಬರ್ಬೇಕು."

ಶರಣಯ್ಯ ತಲೆ ಅಲ್ಲಾಡಿಸಿದರು. "ಕರಿಬಸಯ್ಯ, ನಾವು ಕೇಳಾಕ ಹೊಂಟವ್ರು, ಹೆದರಸಾಕ ಹೊಂಟವ್ರಲ್ಲ. ನಿನಗ ವಯಸ್ಸೈತಿ, ಬಿಟ್ರ ಇನ್ನೊಂದು ನೌಕರಿ ಸಿಗ್ತೈತಿ. ನನಗ ಈ ಇಪ್ಪತ್ತೆಂಟು ವರ್ಷ ಬಿಟ್ರ ಏನೂ ಇಲ್ಲ. ಇಸ್ತೀಫಾ ಅನ್ನೋ ಮಾತು ಆ ಕಾಗದದಾಗ ಬರಬಾರ್ದು."

ಗದ್ವಾಲ ಕಡೆಯಿಂದ ಬಂದ ತೆಲುಗು ಮಾಸ್ತರ ಚಿನ್ನಯ್ಯನೂ ಅವರ ಮಾತಿಗೇ ಕೂಡಿದ. ಅವನಿಗೆ ಐದು ಮಕ್ಕಳು. ಕೊನೆಗೆ ಬರೀ ಇಜಾಫಾ ಕೇಳುವುದು, ತಗ್ಗಿ ಕೇಳುವುದು ಎಂದು ಠರಾವಾಯಿತು. ದರ್ಖಾಸ್ತು ಬರೆಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಮಕ್ತಲ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ದಸ್ತಗೀರ ಸಾಬರು ಕೂರುತ್ತಿದ್ದರು. ದರ್ಖಾಸ್ತು ಬರೆಯುವುದೇ ಅವರ ಉದ್ಯೋಗ. ವಯಸ್ಸಾಗಿ ಕಿವಿ ಮಂದವಾಗಿತ್ತು, ಕೈ ಮಾತ್ರ ನೀರು ಹರಿದ ಹಾಗೆ ಓಡುತ್ತಿತ್ತು. ಇಜಾಫಾ, ಇಜಾಫಾ ಎಂದು ನಾನು ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆದರೆ ನಮ್ಮ ನಾಲಿಗೆಗೆ ಆ ಜ಼ ಮತ್ತು ಫ಼ ಸುಲಭಕ್ಕೆ ತಿರುಗುವುದಿಲ್ಲ. ಜೊತೆಗೆ ಮಗ್ಗದ ಮನೆಯಲ್ಲಿ ಆಡಿದ ಇನ್ನೊಂದು ಶಬ್ದವೂ ಬಾಯಲ್ಲೇ ಉಳಿದಿತ್ತು. ನನ್ನ ಬಾಯಿಂದ ಬಂದದ್ದು 'ಇಜ್ತೀಪಾ' ಎಂಬ, ಯಾವ ಭಾಷೆಯಲ್ಲೂ ಇಲ್ಲದ ಶಬ್ದ.

ಸಾಬರು ಲೇಖನಿ ಎತ್ತಿ ಹಿಡಿದು ನನ್ನ ಮುಖ ನೋಡಿದರು. "ಇಸ್ತೀಫಾ?" ಬಸ್ಸಿನ ಕಡೆ ನೋಡುತ್ತಿದ್ದ ನನ್ನ ಕಿವಿಗೆ ಅದು ಇಜಾಫಾ ಎಂದೇ ಬಿತ್ತು.

"ಹೌದ್ರಿ, ಅದೇ."

"ಹನ್ನೊಂದೂ ಮಂದೀದು?"

"ಹನ್ನೊಂದೂ ಮಂದೀದು. ಲಗೂನ ಬರೀರಿ ಸಾಬ್ರ, ಬಸ್ಸು ಹೊಂಟೈತಿ."

ಅವರು ಒಂದು ನಿಟ್ಟುಸಿರು ಬಿಟ್ಟರು. ಮಾಸ್ತರರ ಬಡತನಕ್ಕೆ ಮರುಗುತ್ತಿದ್ದಾರೆ ಎಂದು ನಾನು ತಿಳಿದೆ. ಬರೆದು ಮುಗಿಸಿ, ಶಾಯಿ ಆರಲೆಂದು ಮರಳು ಉದುರಿಸಿ, ವಾಡಿಕೆಯಂತೆ ಕೇಳಿದರು: "ಓದಿ ಹೇಳ್ಲೇನು?"

"ಬ್ಯಾಡ್ರಿ. ನಾ ಮಾಸ್ತರ ಇದ್ದೀನಿ. ನನಗ ಓದಾಕ ಬರ್ತೈತಿ."

ಹೀಗೆಂದವನು ನಾನೇ. ಯಾರೂ ನನ್ನ ಬಾಯಿ ಹಿಡಿದು ಹೇಳಿಸಲಿಲ್ಲ.

ನಿಜ ಹೇಳುವುದಾದರೆ ನನಗೆ ಉರ್ದು ಓದಲು ಬರುತ್ತಿತ್ತು, ಶಾಲೆಯ ಪುಸ್ತಕದ ಅಚ್ಚಿನ ಉರ್ದು. ಕಚೇರಿಯ ಬರಹ ಬೇರೆ. ಅದಕ್ಕೆ ಶಿಕಸ್ತಾ ಎನ್ನುತ್ತಾರೆ, ಮುರಿದ ಬರಹ ಎಂದರ್ಥ. ಚುಕ್ಕೆ ಇಲ್ಲ, ಅಕ್ಷರಗಳ ನಡುವೆ ಬಿಡುವಿಲ್ಲ, ಎಲ್ಲ ಒಂದರ ಕಾಲಿಗೆ ಒಂದು ತೊಡರಿಕೊಂಡು ಸಾಲಿನುದ್ದಕ್ಕೂ ಉರುಳುತ್ತವೆ. ಬಸ್ಸಿನಲ್ಲಿ ಕಾಗದ ಬಿಚ್ಚಿ ನೋಡಿದೆ. 'ಗಿರಾನಿ' ಒಂದು ಗುರುತಾಯಿತು, ಕೊನೆಯಲ್ಲಿ 'ಮಂಜೂರ್' ಗುರುತಾಯಿತು. ಅಷ್ಟು ಸಾಕು ಎಂದು ಮಡಚಿ ಕಿಸೆಯಲ್ಲಿಟ್ಟೆ.

ಮುಂದಿನ ಶುಕ್ರವಾರ ಮಗ್ಗದ ಮನೆಯಲ್ಲಿ ಕಾಗದ ಹನ್ನೊಂದು ಕೈ ದಾಟಿತು. ಎಲ್ಲರೂ ಕಣ್ಣನ್ನು ಬಲದಿಂದ ಎಡಕ್ಕೆ ಆಡಿಸಿದರು. ಎಲ್ಲರೂ ತಲೆದೂಗಿದರು. "ಬಾಗುಂದಿ", ಚೆನ್ನಾಗಿದೆ, ಎಂದ ಚಿನ್ನಯ್ಯ. ಶರಣಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಅಕ್ಷರ ಭಾಳ ಛಂದ ಅದಾವ" ಎಂದು ಮೊದಲ ರುಜು ಹಾಕಿದರು. ತನಗೆ ಓದಲು ಬರುತ್ತಿಲ್ಲ ಎಂದು ಒಬ್ಬನಾದರೂ ಬಾಯಿ ಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಓದಲು ಬಾರದ ಹುಡುಗರ ಕಿವಿ ಹಿಂಡುವ ಹನ್ನೊಂದು ಜನ ಅಲ್ಲಿ ಕೂತಿದ್ದೆವು, ಯಾರು ಬಿಡುತ್ತಾರೆ?

ದರ್ಖಾಸ್ತನ್ನು ಮಕ್ತಲ್ ಕಚೇರಿಗೆ ಕೊಟ್ಟ ಮೂರು ವಾರಕ್ಕೆ ಜವಾನ ಒಂದು ಕಾಗದ ತಂದ. ಮತ್ತೆ ಅದೇ ಮುರಿದ ಬರಹ. ನಮಗೆ ಗುರುತಾದದ್ದು ಎರಡು: ಹಾಜರಾಗಬೇಕಾದ ತಾರೀಖು, ಮತ್ತು 'ಮಂಜೂರ್'. ಮಂಜೂರಿಯ ವಿಷಯಕ್ಕೇ ಕರೆದಿದ್ದಾರೆ ಎಂದುಕೊಂಡೆವು. ನಾನು ಚನ್ನವೀರಮ್ಮನಿಗೆ ಹೋಳಿಗೆ ಮಾಡಲು ಹೇಳಿದೆ. ಬೆಲ್ಲ ಉದ್ರಿ ತಂದು ಮಾಡಿದಳು. ನಾನು ಮೂರು ತಿಂದೆ, ಆ ಮೂರೂ ನನಗೆ ನೆನಪಿವೆ.

ಮಕ್ತಲ್ ಕಚೇರಿಯ ಪಡಸಾಲೆಯಲ್ಲಿ ಗುಮಾಸ್ತ ಶಿವಯ್ಯ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಕನ್ನಡ, ತೆಲುಗು, ಉರ್ದು ಮೂರೂ ಬಲ್ಲವನು, ಮೂರರಲ್ಲೂ ಬೇಸರದಿಂದಲೇ ಮಾತಾಡುವವನು. ನಮ್ಮ ದರ್ಖಾಸ್ತನ್ನು ತೆಗೆದು ಕನ್ನಡದಲ್ಲಿ ಓದಿದ. "ತುಟ್ಟಿ ಕಾಲದಾಗ ಈ ತನ್ಖಾದ ಮ್ಯಾಲ ಸಂಸಾರ ನಡಿಯಾಂಗಿಲ್ಲ. ಆದಕಾರಣ ಕೆಳಗೆ ರುಜು ಮಾಡಿದ ಹನ್ನೊಂದು ಮಂದಿ ಮಾಸ್ತರರ ರಾಜೀನಾಮೆ ಮಂಜೂರು ಮಾಡಬೇಕು."

ಹತ್ತು ಮುಖಗಳು ನನ್ನ ಕಡೆ ತಿರುಗಿದವು.

"ನೀ ಸುಳ್ಳ ಓದಾಕ ಹತ್ತೀದಿ" ಎಂದೆ ಶಿವಯ್ಯನಿಗೆ.

ಅವನು ಕಾಗದ ನನ್ನ ಮುಂದೆ ಹಿಡಿದ. "ಹಂಗಾದ್ರ ನೀವ ಓದ್ರಿ."

ನಾನು ನೋಡಿದೆ. ಓದಲು ಬರಲಿಲ್ಲ. ಹೊರಗೆ ಬೇವಿನ ಕೆಳಗೆ ದಸ್ತಗೀರ ಸಾಬರು ಇನ್ನಾರಿಗೋ ಬರೆದುಕೊಡುತ್ತ ಕೂತಿದ್ದರು. ಅವರ ಮೇಲೆ ಹರಿಹಾಯಬೇಕು ಎನಿಸಿತು. ಅವರು ಎರಡು ಸಲ ಕೇಳಿದ್ದರು, ಓದಿ ಹೇಳ್ಲೇನು ಎಂದೂ ಕೇಳಿದ್ದರು. ಆಮೇಲೆ ಅಲ್ಲೇ ಎಲ್ಲರ ಎದುರು ನಡೆದದ್ದು ನಡೆದ ಹಾಗೆ ಹೇಳಿಬಿಟ್ಟೆ. ಶರಣಯ್ಯನವರ ಮುಖ ನೋಡುವ ಧೈರ್ಯ ಆಗಲಿಲ್ಲ.

"ವಾಪಸ್ ತಗೋತೀವಿ" ಎಂದ ಚಿನ್ನಯ್ಯ. "ಗಲತಿ ಆಗೈತಿ, ಹರಿದು ಒಗೀರಿ."

"ಹರಿಯಾಕ ಬರಾಂಗಿಲ್ಲ, ನಂಬರ್ ಬಿದ್ದೈತಿ" ಎಂದ ಶಿವಯ್ಯ. "ಈಗ ದಾರಿ ಎರಡ ಅದಾವ. ಒಂದು, ಇಸ್ತೀಫಾ ಮಂಜೂರಾಗ್ತೈತಿ. ಅದೇ ದಿನ ನಿಮ್ಮನ್ನೆಲ್ಲ ಹೊಸದಾಗಿ ನೌಕರಿಗೆ ತಗೋಬೌದು, ಸಾಹೇಬರಿಗೂ ಬ್ಯಾರೆ ಮಂದಿ ಸಿಗವಲ್ರು. ಹೊಸಬರಿಗೆ ಈ ವರ್ಷದಿಂದ ತನ್ಖಾ ಹದಿನೆಂಟು."

ಹದಿನೆಂಟು. ಪಡಸಾಲೆಯಲ್ಲಿ ಒಂದು ಅಲೆ ಎದ್ದಿತು. ನಾವು ಬೇಡಲು ಹೋಗಿದ್ದು ಅದನ್ನೇ. ಬೇಡಿದ್ದರೆ ಸಿಗುತ್ತಿರಲಿಲ್ಲ, ಬಿಟ್ಟು ಹೋಗುತ್ತೇವೆ ಎಂದದ್ದಕ್ಕೆ ತಾನಾಗಿ ಬಂದು ನಿಂತಿತ್ತು. ಮಗ್ಗದ ಮನೆಯಲ್ಲಿ ನಾನಂದದ್ದು ಖರೆಯಾಗಿತ್ತು. ಆ ಗಳಿಗೆಯಲ್ಲಿ ನನಗೆ ಖುಷಿಯೂ ಆಯಿತು ಎಂದು ಹೇಳಿದರೆ ಬೈಯಬೇಡಿ.

"ಆದ್ರ ಹಿಂದಿನ ನೌಕರಿ ಲೆಕ್ಕಕ್ಕ ಬರಾಂಗಿಲ್ಲ" ಎಂದು ಶಿವಯ್ಯ ಮುಗಿಸಿದ. "ಎಲ್ಲಾರ್ದೂ ಆವತ್ತಿನಿಂದ ಸುರು."

ಶರಣಯ್ಯ ಗೋಡೆಗೆ ಒರಗಿದರು. ಉಳಿದ ಹತ್ತು ಜನರಿಗೆ ಹೋಗುವುದು ಐದು ವರ್ಷ, ಒಂಬತ್ತು ವರ್ಷ. ಅವರಿಗೆ ಇಪ್ಪತ್ತೆಂಟು. ಹೊಸದಾಗಿ ಮೂವತ್ತು ವರ್ಷ ಮಾಡಬೇಕಾದರೆ ಅವರು ಎಂಬತ್ತನಾಲ್ಕರವರೆಗೆ ಬೋರ್ಡಿನ ಮುಂದೆ ನಿಲ್ಲಬೇಕು.

"ಎರಡನೇದು?" ಎಂದೆ ನಾನು.

ಶಿವಯ್ಯ ಸುತ್ತ ನೋಡಿ ದನಿ ತಗ್ಗಿಸಿದ. "ಕಾಗದನ ಸುಳ್ಳಾಗಬೇಕು. ಓದಾಕ ಬರಲಾರದವನ ರುಜು ಇದ್ದು, ಅವನಿಗೆ ಓದಿ ಹೇಳಿರಲಿಲ್ಲಂದ್ರ ಆ ಕಾಗದ ನಡಿಯಾಂಗಿಲ್ಲ. ಓದಿ ಹೇಳಿಲ್ಲ ಅನ್ನೋದು ಖರೇನ ಐತಿ. ನೀವು ಹನ್ನೊಂದೂ ಮಂದಿ ನಾಖಾಂದಾ ಅಂತ ಬರಕೊಟ್ಟು ಹೆಬ್ಬೆಟ್ಟು ಒತ್ರಿ. ಎಲ್ಲಾ ಮೊದಲಿನಂಗ ಆಗ್ತೈತಿ. ತನ್ಖಾನೂ ಮೊದಲಿನಷ್ಟ, ಹದಿನೈದು."

ನಾಖಾಂದಾ ಎಂದರೆ ನಿರಕ್ಷರಿ. ಓದು ಬರಹ ಬಾರದವನು.

"ಶಿಕಸ್ತಾ ಓದಾಕ ಬರಾಂಗಿಲ್ಲ ಅಂತ ಬರಕೋ" ಎಂದೆ. "ಅದು ಖರೆ. ಕನ್ನಡ ಬರಾಂಗಿಲ್ಲ ಅಂತ ಹೆಂಗ ಬರಿತೀದಿ? ನಾವು ಮಾಸ್ತರು."

"ದಫ್ತರಿನಾಗ ಎರಡ ಖಾನೆ ಅದಾವ ಮಾಸ್ತರ. ಖಾಂದಾ, ನಾಖಾಂದಾ. ನಡುವಿಂದು ಇಲ್ಲ."

"ರುಜು ಹಾಕೀವಲ್ಲ, ಕನ್ನಡದಾಗ?"

"ಹೆಸರು ಬರಿಯಾಕ ಕಲತ ನಾಖಾಂದಾ ಬೇಕಾದಷ್ಟು ಮಂದಿ ಅದಾರ. ಗೌಡರು, ಪಟೇಲರು, ಎಲ್ಲಾ." ಅವನಿಗೆ ಪ್ರತಿಯೊಂದಕ್ಕೂ ಉತ್ತರ ತಯಾರಿತ್ತು. "ಹನ್ನೊಂದೂ ಮಂದಿ ಒತ್ತಬೇಕು. ಒಬ್ಬಗ ಓದಾಕ ಬರ್ತೈತಿ ಅಂದ್ರೂ, ಅವ ಉಳಿದವರಿಗೆ ಓದಿ ಹೇಳಿದ್ದ ಅಂತಾಗ್ತೈತಿ. ಆಗ ಕಾಗದ ಖರೇ ಆಗ್ತೈತಿ."

ನಾವು ಹೊರಗೆ ಬಂದು ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಕೂತೆವು. ತಿಂಗಳಿಗೆ ಮೂರು ರೂಪಾಯಿ ಎಂದರೆ ಆಗ ಆಟವಲ್ಲ. ದಾಮರಗಿದ್ದದಿಂದ ಬಂದಿದ್ದ ಅಯ್ಯಣ್ಣ ಮಾಸ್ತರ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತ, "ಒಬ್ಬರ ಸಲುವಾಗಿ ಹತ್ತು ಮನಿ" ಎಂದ. ಅಂದ ಕೂಡಲೇ ಗೆರೆ ಅಳಿಸಿದ.

ಚಿನ್ನಯ್ಯ ನನ್ನ ಮೇಲೆ ಸಿಡಿದ. "ಮಾ ಪಿಲ್ಲಲು ಏಂ ತಿನಾಲಿ? ನನ್ನ ಮಕ್ಕಳು ಏನು ತಿನಬೇಕು, ಹೇಳು ಕರಿಬಸಯ್ಯ. ಮಾಡಿದ್ದು ನೀನು."



ಆಗ ಶರಣಯ್ಯ ಮಾತಾಡಿದರು. ಅವರು 'ನನ್ನ ಚಿಂತಿ ಬಿಡ್ರಿ' ಎನ್ನುತ್ತಾರೆ, ನಾವು 'ಇಲ್ರಿ, ಇಲ್ರಿ' ಎನ್ನುತ್ತೇವೆ ಎಂದು ನಾನು ಎಣಿಸಿದ್ದೆ. ಅವರು ಹಾಗೆ ಹೇಳಲಿಲ್ಲ.

"ನನಗ ವಜೀಫಾ ಬೇಕು" ಎಂದರು. "ಸುಳ್ಳ್ಯಾಕ ಹೇಳ್ಲಿ? ಗುರುಲಿಂಗಮ್ಮನ ಮಕ್ಕಳ ಕೈಗೆ ಏನು ಕೊಟ್ಟು ಹೋಗಲಿ ನಾನು? ಆದ್ರ ನಿಮ್ಮ ಹೆಬ್ಬೆಟ್ಟು ಕೇಳಾಕ ನನಗ ಬಾಯಿ ಬರವಲ್ದು. ಅದಕ್ಕ ಕೇಳಾಂಗಿಲ್ಲ. ನೀವ ನೋಡ್ರಿ." ಅಷ್ಟು ಹೇಳಿ ಎದ್ದು, ನಮಗೆ ಮಾತಾಡಲು ಅನುವಾಗಲಿ ಎಂದು ನೀರಿನ ಕೊಡದ ಕಡೆ ಹೋದರು.

ಅವರು ನೀರು ಕುಡಿದು ಬರುವಷ್ಟರಲ್ಲಿ ಚಿನ್ನಯ್ಯ ಎದ್ದು ನಿಂತಿದ್ದ. ಧೋತರ ಜಾಡಿಸಿಕೊಂಡು, ತೆಲುಗಿನಲ್ಲಿ ಏನೇನೋ ಗೊಣಗಿಕೊಂಡು, ಸೀದಾ ಪಡಸಾಲೆಗೆ ನಡೆದ. ಅವನ ಹಿಂದೆ ಅಯ್ಯಣ್ಣ. ಒಬ್ಬೊಬ್ಬರೇ ಎದ್ದರು. ಕೊನೆಗೆ ಕಟ್ಟೆಯ ಮೇಲೆ ಉಳಿದವನು ನಾನು. ನನಗೆ ಮೂರು ರೂಪಾಯಿಯ ಆಸೆ ಇರಲಿಲ್ಲ, ಆ ಖಾನೆಯ ಹೆಸರು ಗಂಟಲಲ್ಲಿ ಇಳಿಯಲಿಲ್ಲ. ನನ್ನ ಅಪ್ಪ ಹೆಬ್ಬೆಟ್ಟಿನವನು. ಹಳ್ಳಿಯ ಸಾಹುಕಾರನ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಒಂದು ಎತ್ತು ಕಳಕೊಂಡ ದಿನವೇ ನನ್ನನ್ನು ಶರಣಯ್ಯನವರ ಶಾಲೆಗೆ ತಂದು ಬಿಟ್ಟಿದ್ದ.

"ಕರಿಬಸಯ್ಯ, ಸಾಹೇಬರು ಕಾಯಾಕ ಹತ್ತ್ಯಾರ" ಎಂದು ಶಿವಯ್ಯ ಕೂಗಿದ. ಹೋದೆ.

ಶಾಲೆಗಳ ಮೇಲಿನ ಸಾಹೇಬರು ಕಾಯಿದೆಯ ಮನುಷ್ಯ. ಬರೀ ಹೆಬ್ಬೆಟ್ಟು ಸಾಲದು, ಪರೀಕ್ಷೆ ಮಾಡಿ ದಾಖಲಿಸಬೇಕು ಎಂದರು. ಮೇಜಿನ ಮೇಲೆ ಕನ್ನಡದ ಒಂದನೆಯ ಪುಸ್ತಕ, ಅದರ ಪಕ್ಕದಲ್ಲಿ ತೆಲುಗಿನದು. ಒಬ್ಬೊಬ್ಬರನ್ನೇ ಮುಂದೆ ಕರೆದು ಮೊದಲ ಪುಟ ತೆರೆದು ಹಿಡಿಯುವುದು, "ಪಢ್ನಾ ಆತಾ?", ಓದಲು ಬರುತ್ತದೆಯೇ, ಎಂದು ಕೇಳುವುದು, ಬರುವುದಿಲ್ಲ ಎಂದರೆ ಬರೆದುಕೊಳ್ಳುವುದು. ಅವರು ನಗಲಿಲ್ಲ. ಒಮ್ಮೆಯಾದರೂ ನಕ್ಕಿದ್ದರೆ ನಾನು ಬೈದು ಎದ್ದು ಬರುತ್ತಿದ್ದೆ.

ಶರಣಯ್ಯ ಮುಂದೆ ಹೋಗಿ ಅಭ್ಯಾಸದಂತೆ ಕನ್ನಡಕ ತೆಗೆದು ಹಾಕಿಕೊಂಡರು. ಶಿವಯ್ಯ ಕೆಮ್ಮಿದ. ಅವರು ಮತ್ತೆ ಬಿಚ್ಚಿ ಕಿಸೆಯಲ್ಲಿಟ್ಟು, ಪುಸ್ತಕದ ಕಡೆ ನೋಡದೆ, "ಬರಾಂಗಿಲ್ರಿ" ಎಂದರು. ಚಿನ್ನಯ್ಯ "ರಾದು" ಎಂದ. ಅಯ್ಯಣ್ಣ ಬರೀ ತಲೆ ಅಲ್ಲಾಡಿಸಿದ, ಬಾಯಿಂದಲೇ ಹೇಳಬೇಕು ಎಂದು ಅವನಿಂದ ಎರಡು ಸಲ ಹೇಳಿಸಿದರು.

ಕೊನೆಗೆ ನಾನು. ಪುಟದ ಮೇಲೆ ಒಂದು ಆನೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ಆನೆ'. ಚಿತ್ರ ನೋಡಿ ಚನ್ನವೀರಮ್ಮ ಕೂಡ ಓದುತ್ತಿದ್ದಳು. ಆ ಪುಟವನ್ನು ನಾನು ಒಂಬತ್ತು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳಿಗೆ ಬೆರಳಿಟ್ಟು ಕಲಿಸಿದ್ದೆ. ನನ್ನ ಬೆರಳು ತಾನಾಗಿಯೇ ಮೇಲೆದ್ದು ಆ ಅಕ್ಷರದ ಕಡೆ ಹೋಗುತ್ತಿತ್ತು. ಹಿಂದಕ್ಕೆ ಎಳೆದುಕೊಂಡೆ.

"ಪಢ್ನಾ ಆತಾ?"

ಶರಣಯ್ಯ ಬಾಗಿಲ ಹತ್ತಿರ ನಿಂತಿದ್ದರು, ಹೆಬ್ಬೆರಳಿನ ಶಾಯಿಯನ್ನು ಗೋಡೆಗೆ ಒರೆಸುತ್ತ.

"ಬರಾಂಗಿಲ್ರಿ" ಎಂದೆ.

ಹೀಗೆ ಹನ್ನೊಂದು ಹೆಬ್ಬೆಟ್ಟು ಬಿದ್ದವು, ದರ್ಖಾಸ್ತು ಸುಳ್ಳಾಯಿತು, ಶರಣಯ್ಯನವರ ಇಪ್ಪತ್ತೆಂಟು ವರ್ಷ ಉಳಿದವು. ಮರುದಿನ ನಾವೆಲ್ಲ ಎಂದಿನಂತೆ ಶಾಲೆಗೆ ಹೋದೆವು. ಹನ್ನೊಂದು ಶಾಲೆಗಳಲ್ಲಿ ಹನ್ನೊಂದು ನಿರಕ್ಷರಿಗಳು ಪಾಠ ಮಾಡುತ್ತಿದ್ದಾರೆ ಎಂದು ಸರಕಾರದ ಕೈಯಲ್ಲಿ ಲಿಖಿತ ಪುರಾವೆ ಇತ್ತು. ಯಾರೂ ಏನೂ ಕೇಳಲಿಲ್ಲ. ಮುಂದಿನ ವರ್ಷ ನಮಗೂ ಗಿರಾನಿ ಭತ್ಯೆ ಬಂತು, ಎರಡು ರೂಪಾಯಿ, ನಾವು ಕೇಳಿರಲೇ ಇಲ್ಲ. ಮೇಲಿನವರ ಮೆಹರ್ಬಾನಿ ಎಂದು ಆ ಹುಕುಮಿನಲ್ಲಿ ಬರೆದಿತ್ತಂತೆ, ಶಿವಯ್ಯ ಓದಿ ಹೇಳಿದ. ಮೆಹರ್ಬಾನಿ ಕೊಟ್ಟವರು ಬೇಕಾದಾಗ ಕಸಿದುಕೊಳ್ಳಬಹುದು. ಕೂತು ಕೇಳಿ ಪಡೆದದ್ದಾದರೆ ಹಾಗೆ ಕಸಿಯಲು ಬಾರದು. ನನಗೆ ಆ ಎರಡು ರೂಪಾಯಿ ಇವತ್ತಿಗೂ ಸಿಹಿಯಾಗಿಲ್ಲ, ಆದರೆ ಒಂದು ತಿಂಗಳೂ ಬಿಟ್ಟಿಲ್ಲ.

೧೩೫೫ರ ಕೊನೆಗೆ ಶರಣಯ್ಯನವರ ಮೂವತ್ತು ವರ್ಷ ತುಂಬಿತು. ಮೊದಲ ವಜೀಫಾ ತರಲು ಮಕ್ತಲ್ ಖಜಾನೆಗೆ ಹೋಗುವಾಗ ನಾನೂ ಜೊತೆಗೆ ಹೋದೆ, ರಜೆ ಹಾಕಿ. ಅವತ್ತು ನನಗೆ ಹೋಗಲೇಬೇಕಿತ್ತು. ಮಾರ್ಕಂಡೇಯನೂ ಸೀರೆಯ ಗಂಟು ಹೊತ್ತು ಅದೇ ಬಸ್ಸಿನಲ್ಲಿ ಬಂದಿದ್ದ, ಗುರುಗಳ ಚೀಲವನ್ನೂ ಅವನೇ ಹಿಡಿದಿದ್ದ.

ಖಜಾನೆಯ ಗುಮಾಸ್ತ ಹೊಸ ಹುಡುಗ, ನಮ್ಮನ್ನು ಕಂಡರಿಯದವನು. ಪಾವತಿ ಮುಂದಿಟ್ಟ. ಶರಣಯ್ಯ ಲೇಖನಿ ತೆಗೆದುಕೊಂಡರು. ಅವನು ಒಂದು ಪಟ್ಟಿಯ ಮೇಲೆ ಬೆರಳಾಡಿಸಿ ಲೇಖನಿ ಕಸಿದುಕೊಂಡು, ಶಾಯಿಯ ಡಬ್ಬಿ ಮುಂದೆ ದೂಡಿದ.

"ನೀವು ನಾಖಾಂದಾ ಅದೀರಿ ಅಜ್ಜಾರ. ಹೆಬ್ಬೆಟ್ಟು ಒತ್ತಬೇಕು. ಪ್ರತಿ ತಿಂಗಳಾ ಓದಾಕ ಬರೋ ಒಬ್ಬ ಸಾಕ್ಷಿ ಕರಕೊಂಡು ಬರ್ರಿ. ಅವ ಪಾವತಿ ಓದಿ ಹೇಳಿ ರುಜು ಮಾಡಬೇಕು."

"ನಾ ಅದೀನಿ" ಎಂದು ಮುಂದೆ ಹೋದೆ. ಹೆಸರು ಹೇಳಿದೆ. ಅವನು ಅದೇ ಪಟ್ಟಿಯಲ್ಲಿ ಇನ್ನೂ ಕೆಳಗೆ ಬೆರಳು ಇಳಿಸಿದ.

"ನೀವೂ ನಾಖಾಂದಾ."

ನಾನು ಕೂಗಾಡಿದೆ. ಶಾಲೆಯ ಹೆಸರು ಹೇಳಿದೆ, ಎಷ್ಟು ವರ್ಷದ ನೌಕರಿ ಎಂದು ಹೇಳಿದೆ. ಅವನು ಪಟ್ಟಿಯನ್ನು ತೋರಿಸುತ್ತಲೇ ಇದ್ದ. ಶರಣಯ್ಯ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದರು. ಆ ಕೋಣೆಯಲ್ಲಿ ದಫ್ತರಿನ ಲೆಕ್ಕಕ್ಕೆ ಓದಲು ಬರುವವನು ಇನ್ನೊಬ್ಬನೇ ಇದ್ದ.

ಮಾರ್ಕಂಡೇಯ ಸೀರೆಯ ಗಂಟು ಕೆಳಗಿಟ್ಟು, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ನಿಂತ. ಪಾವತಿಯ ಕೆಳಭಾಗ ಕನ್ನಡದಲ್ಲಿತ್ತು. ಹಣೆಯ ಬೆವರು ಒರೆಸಿಕೊಂಡು, ಒಂದೊಂದೇ ಅಕ್ಷರ ಹಿಡಿದು ಓದಿದ. "ಸದರಿ... ಶರಣಯ್ಯ... ನಿ... ನಿರಸ್ಕರನಾದ ಕಾರಣ..."

"ನಿರಕ್ಷರ" ಎಂದರು ಶರಣಯ್ಯ. "ಕ ಬರದು ಕೆಳಗ ಷ ಒತ್ತು. ಎಷ್ಟು ಸಲ ಹೇಳೀನಿ ನಿನಗ? ಇನ್ನೊಮ್ಮಿ ಓದು."

ಗುಮಾಸ್ತ ತಲೆ ಎತ್ತಿದ. "ಅಜ್ಜಾರ, ನೀವು ನಡುವ ಮಾತಾಡಬ್ಯಾಡ್ರಿ. ನಿಮಗ ಓದಾಕ ಬರಾಂಗಿಲ್ಲ. ಸುಮ್ಮನ ಕೇಳ್ರಿ."

"ಹೌದ್ರಿ, ತಪ್ಪಾತು" ಎಂದರು ಶರಣಯ್ಯ. ಆದರೆ ಅವರ ಬೆರಳು ಪಾವತಿಯ ಮೇಲೆ, ಆ ಅಕ್ಷರದ ಕೆಳಗೇ ಇತ್ತು, ತೆಗೆಯಲಿಲ್ಲ.

ಮಾರ್ಕಂಡೇಯ ಗುರುಗಳ ಬೆರಳನ್ನು ನೋಡಿದ, ಅಕ್ಷರವನ್ನು ನೋಡಿದ. "ನಿ, ರ, ಕ್ಷ, ರ" ಎಂದ. ಮತ್ತೊಮ್ಮೆ ಕೂಡಿಸಿ, "ನಿರಕ್ಷರ" ಎಂದ. ಮೂವತ್ತು ವರ್ಷಕ್ಕೆ ಮೊದಲ ಸಲ ಅವನ ನಾಲಿಗೆ ಸರಿಯಾಗಿ ತಿರುಗಿತ್ತು.

ಶರಣಯ್ಯ ತಲೆದೂಗಿ ಅದೇ ಬೆರಳನ್ನು ಮಡಚಿಕೊಂಡು, ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿದರು.